ಪೆನಾಂಗಿನಲ್ಲಿ ಅಮ್ಮನ ಅಡುಗೆ ಕ್ಲಾಸು

ಹಡಗಿನಲ್ಲಿ ಅಮ್ಮನ ಕಣ್ಣು ಮೊದಲು ಹೋದದ್ದು ಸಮುದ್ರದ ಕಡೆಗಲ್ಲ. ಹೊನ್ನಾವರದ ಹತ್ತಿರ, ಶರಾವತಿ ಕಡಲು ಸೇರುವ ಆಸುಪಾಸಿನ ಹಳ್ಳಿಯಲ್ಲಿ ಅರವತ್ತು ವರ್ಷ ಬದುಕಿದವಳಿಗೆ ಸಮುದ್ರ ಹೊಸದೇನಲ್ಲ. ಅವಳು ನಿಂತು ನೋಡಿದ್ದು ಮೇಲಿನ ಅಂತಸ್ತಿನ ಊಟದ ಹಾಲನ್ನು. ಮೊದಲ ರಾತ್ರಿ ಖಾಲಿ ತಟ್ಟೆ ಹಿಡಿದುಕೊಂಡೇ ಇಡೀ ಹಾಲಿಗೆ ಒಂದು ಸುತ್ತು ಹಾಕಿ ಬಂದಳು. ಬಂದವಳು ಏನೂ ಬಡಿಸಿಕೊಳ್ಳದೆ ಕೂತು, "ತಂಗೀ, ಇಲ್ಲಿ ಎಷ್ಟು ಮಂದಿಗೆ ಬೇಯ್ಸ್ತಾರೆ ಕೇಳು" ಅಂದಳು. ನಮ್ಮ ಕಡೆ ಮಗಳನ್ನು ತಂಗಿ ಅಂತಲೇ ಕರೆಯುವುದು. ತಟ್ಟೆ ಎತ್ತಲು ಬಂದ ಹುಡುಗನನ್ನು ಕೇಳಿದೆ. ಮೂರು ಸಾವಿರದ ಹತ್ತಿರ ಅಂದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದದ್ದನ್ನ ಎಂಥ ಮಾಡ್ತಾರಂತೆ?" ಎಂದು ಕೇಳಿದಳು. ಅದನ್ನು ನಾನು ಅವನಿಗೆ ಅನುವಾದಿಸಲಿಲ್ಲ.

ಈ ಕ್ರೂಸ್ ಅಣ್ಣನ ಯೋಜನೆ. ಅವನು ಸಿಂಗಪುರದಲ್ಲಿ ಕೆಲಸಕ್ಕಿದ್ದಾನೆ. ಅಮ್ಮನಿಗೆ 60 ತುಂಬಿದ್ದರ ನೆಪದಲ್ಲಿ, ತುಂಬಿ ಒಂದು ವರ್ಷವಾದ ಮೇಲೆ, ನಮ್ಮಿಬ್ಬರನ್ನೂ ಕರೆಸಿಕೊಂಡು ನಾಲ್ಕು ರಾತ್ರಿಯ ಪ್ರವಾಸಕ್ಕೆ ಟಿಕೆಟ್ ಮಾಡಿಸಿದ್ದ. ಸಿಂಗಪುರದಿಂದ ಹೊರಟು ಪೆನಾಂಗ್, ಅಲ್ಲಿಂದ ಫುಕೆಟ್, ಮತ್ತೆ ಸಿಂಗಪುರ. ಬಂದರಿನಲ್ಲಿ ಹಡಗು ನಿಂತಾಗ ಪ್ರಯಾಣಿಕರು ಇಳಿದು ಊರು ನೋಡಿ ಸಂಜೆಯೊಳಗೆ ಮರಳಬೇಕು. ಹಡಗಿನವರೇ ಏರ್ಪಡಿಸುವ ತಿರುಗಾಟಗಳಿಗೆ ಹೋದರೆ ತಡವಾದರೂ ಕಾಯುತ್ತಾರೆ. ನಮ್ಮ ಪಾಡಿಗೆ ನಾವು ಹೋದರೆ ಕಾಯುವುದಿಲ್ಲ. ಅಣ್ಣ ಇದನ್ನು ನಾಲ್ಕು ಸಲ ಹೇಳಿದ. ಯಾಕೆಂದರೆ ನಮ್ಮ ಪಾಡಿಗೆ ನಾವು ಹೋಗುವ ಏರ್ಪಾಡನ್ನು ನಾನು ಬೆಂಗಳೂರಿನಿಂದಲೇ ಮಾಡಿಕೊಂಡು ಬಂದಿದ್ದೆ: ಜಾರ್ಜ್‌ಟೌನಿನ ಒಂದು ಹಳೆಯ ಮನೆಯಲ್ಲಿ ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಅಡುಗೆ ಕ್ಲಾಸು, ಇಬ್ಬರಿಗೆ.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಪಿಎಚ್‌ಡಿ ಮಾಡುತ್ತಿರುವುದು ಕನ್ನಡದ ಹಳೆಯ ಪಾಕಗ್ರಂಥಗಳ ಮೇಲೆ. 11ನೇ ಶತಮಾನದ ಲೋಕೋಪಕಾರದಲ್ಲಿ ಚಾವುಂಡರಾಯ ಅಡುಗೆಗೆ ಕೊಟ್ಟ ಭಾಗ, 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರ, ಹೀಗೆ. ಮೆಣಸಿನಕಾಯಿ ಇನ್ನೂ ನಮ್ಮ ಅಡುಗೆಮನೆಗೆ ಕಾಲಿಡದ ಕಾಲದ ಪುಸ್ತಕಗಳು. 'ಹದ' ಎಂಬ ಒಂದೇ ಪದದ ಮೇಲೆ ನಲವತ್ತು ಪುಟ ಬರೆದಿದ್ದೇನೆ. ನನ್ನ ಕೈಯಲ್ಲಿ ಗಂಜಿಯ ಹೊರತು ಬೇರೇನೂ ಹದಕ್ಕೆ ಬರುವುದಿಲ್ಲ ಎನ್ನುವುದು ಹಾಸ್ಟೆಲಿನ ಗೆಳತಿಯರಿಗಷ್ಟೇ ಗೊತ್ತು. ಚಿಕ್ಕವಳಿದ್ದಾಗ ಒಲೆಯ ಹತ್ತಿರ ಹೋದರೆ ಅಮ್ಮ, "ನೀನು ಓದ್ಕೊ, ಇದು ನನಗೇ ಸಾಕು" ಎಂದು ಓಡಿಸುತ್ತಿದ್ದಳು. ಓದಿಕೊಂಡೆ. ಓದಿ ಓದಿ ಕೊನೆಗೆ ಅಡುಗೆಯ ಪುಸ್ತಕಕ್ಕೇ ಬಂದು ನಿಂತೆ.

ಪ್ರಬಂಧದ ಮೂರನೆಯ ಅಧ್ಯಾಯಕ್ಕೆ 'ಅಳತೆಯಿಲ್ಲದ ಅರಿವು' ಎಂದು ಹೆಸರಿಟ್ಟಿದ್ದೇನೆ. ಶಾಸ್ತ್ರ ಬರೆಯುವವನು ಗಂಡಸು, ಅರಸ. ಅವನಿಗೆ ಎಣಿಕೆ ಬೇಕು, ವಿಂಗಡಣೆ ಬೇಕು. ಮನೆಯ ಹೆಂಗಸಿನ ಅಡುಗೆಯಾದರೋ ಕೈಯಂದಾಜಿನಲ್ಲಿ, ಕಣ್ಣಳತೆಯಲ್ಲಿ ನಡೆಯುವಂಥದ್ದು, ಯಾವ ಪುಸ್ತಕದ ಹಿಡಿತಕ್ಕೂ ಸಿಗದ್ದು. ಇದು ಅದರ ಸಾರ. ಮಾರ್ಗದರ್ಶಕರು ಅಂಚಿನಲ್ಲಿ 'ಚೆನ್ನಾಗಿದೆ' ಎಂದು ಬರೆದುಕೊಟ್ಟ ಏಕೈಕ ಅಧ್ಯಾಯವೂ ಇದೇ. ಅಳತೆಯಿಲ್ಲದೆ ಅಡುಗೆ ಮಾಡುವ ಇಬ್ಬರು ಹೆಂಗಸರನ್ನು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರನ್ನು, ಒಂದೇ ಒಲೆಯ ಮುಂದೆ ನಿಲ್ಲಿಸಿ ನೋಡುವ ಆಸೆ ನನ್ನದು. ರಜೆಗೆ ಬಂದರೂ ರಿಸರ್ಚ್ ಸ್ಕಾಲರ್‌ಗಳ ಬುದ್ಧಿ ಹೀಗೆಯೇ ಓಡುವುದು.

ಅಮ್ಮ ಮೊದಲು ಒಪ್ಪಲಿಲ್ಲ. "ಅಡುಗೆ ಕಲಿಯೂಕೆ ದುಡ್ಡು ಕೊಡೂದಾ ಮಾರಾಯ್ತಿ?" ಎಂದಳು. ಇಲ್ಲ, ಹಡಗಿನ ಟಿಕೆಟಿನಲ್ಲೇ ಸೇರಿದೆ ಎಂದೆ. ಆ ದಿನದ ನನ್ನ ಮೊದಲ ಸುಳ್ಳು ಅದು.

ಪೆನಾಂಗಿನಲ್ಲಿ ಹಡಗು ಊರಿಗೇ ತಾಗಿಕೊಂಡು ನಿಲ್ಲುತ್ತದೆ. ಸ್ವೆಟನ್‌ಹ್ಯಾಮ್ ಪಿಯರ್‌ನಿಂದ ಹೊರಬಿದ್ದು ಸ್ವಲ್ಪ ನಡೆದರೆ ಸಾಕು, ಜಾರ್ಜ್‌ಟೌನಿನ ಹಳೆಯ ಬೀದಿಗಳು. 1786ರಲ್ಲಿ ಫ್ರಾನ್ಸಿಸ್ ಲೈಟ್ ಇಂಗ್ಲಿಷ್ ಕಂಪನಿಯ ಹೆಸರಿನಲ್ಲಿ ಬಾವುಟ ಊರಿದ ದ್ವೀಪ ಇದು. ಚೀನಿಯರು, ತಮಿಳರು, ಮಲಯರು, ಅರಬರು ಎಲ್ಲ ಬಂದು ನೆಲೆಸಿದ ಬಂದರು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹಳೆಯ ಮನೆಗಳಿಗೆ ಸುಣ್ಣಬಣ್ಣ ಬಂದಿದೆ. ಕೆಳಗೆ ಅಂಗಡಿ, ಮೇಲೆ ಮನೆ, ಮುಂದೆ ಐದಡಿಯ ಜಗಲಿ; ಒಂದು ಮನೆಯ ಜಗಲಿ ಪಕ್ಕದ ಮನೆಯದಕ್ಕೆ ಕೂಡಿಕೊಂಡು ಬೀದಿಯುದ್ದಕ್ಕೂ ನೆರಳು. ಲಿಟ್ಲ್ ಇಂಡಿಯಾದಲ್ಲಿ ತಮಿಳು ಬೋರ್ಡುಗಳು, ಮಲ್ಲಿಗೆ ಮಾಲೆ, 1833ರಷ್ಟು ಹಳೆಯ ಮಾರಿಯಮ್ಮನ ಗುಡಿ. ಅಮ್ಮ ಗುಡಿಯ ಎದುರು ಚಪ್ಪಲಿ ಬಿಚ್ಚಿ ಕೈಮುಗಿದು, "ಇಷ್ಟು ದೂರ ಬಂದು ಕೂತಿದ್ದಾಳೆ" ಎಂದಳು. ನನಗೆ ಗಡಿಯಾರದ ಚಿಂತೆ.

ಕ್ಲಾಸು ನಡೆಸುವವರು ಎಪ್ಪತ್ತು ದಾಟಿದ ಹೆಂಗಸು. ಅಲ್ಲಿ ಹಿರಿಯ ಹೆಂಗಸರನ್ನೆಲ್ಲ ಆಂಟಿ ಎನ್ನುವ ರೂಢಿ. ನಾವೂ ಆಂಟಿ ಎಂದೇ ಕರೆದೆವು. ಅವರು ನ್ಯೋನ್ಯಾ. ಬಹಳ ಹಿಂದೆ ವ್ಯಾಪಾರಕ್ಕೆ ಬಂದ ಚೀನೀ ಗಂಡಸರು ಇಲ್ಲಿಯ ಹೆಂಗಸರನ್ನು ಮದುವೆಯಾಗಿ ಬೆಳೆದ ಸಮುದಾಯದವರು. ಗಂಡಸರನ್ನು ಬಾಬಾ ಎಂದೂ ಹೆಂಗಸರನ್ನು ನ್ಯೋನ್ಯಾ ಎಂದೂ ಕರೆಯುತ್ತಾರೆ. ಅವರ ಅಡುಗೆಗೂ ಹೆಂಗಸರ ಹೆಸರೇ ಬಿದ್ದಿದೆ. ನನ್ನ ಅಧ್ಯಾಯಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಅವತ್ತಿನ ಅಡುಗೆ ಆಸಾಮ್ ಲಾಕ್ಸಾ. ನಮ್ಮ ಅಸ್ಸಾಂ ರಾಜ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಮಲಯದಲ್ಲಿ ಆಸಾಮ್ ಎಂದರೆ ಹುಳಿ. ನಮ್ಮಲ್ಲಿ ಹುಳಿ ಎಂದರೆ ರುಚಿಯೂ ಹೌದು, ಹಣ್ಣಿನ ರಸವೂ ಹೌದು, ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥವೂ ಹೌದಲ್ಲ, ಅವರಲ್ಲೂ ಹಾಗೆಯೇ: ರುಚಿಯೂ ಆಸಾಮ್, ಹಣ್ಣೂ ಆಸಾಮ್, ಅಡುಗೆಯೂ ಆಸಾಮ್. ಹುಣಸೆಹಣ್ಣಿಗೆ ಅವರು ಆಸಾಮ್ ಜಾವಾ ಅನ್ನುತ್ತಾರೆ, ಜಾವಾದ ಹುಳಿ. ಅರಬರು ಅದೇ ಹಣ್ಣನ್ನು ಹಿಂದದ ಖರ್ಜೂರ ಎಂದು ಕರೆದರು, ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಅದರಿಂದ. ಮರ ಮಾತ್ರ ಮೂಲದಲ್ಲಿ ಆಫ್ರಿಕಾದ್ದು. ಸಿಕ್ಕಿದ್ದು ಯಾರ ಕೈಯಿಂದಲೋ ಅವರದೇ ಊರು ಎಂದು ಎಲ್ಲರೂ ತಿಳಿದುಕೊಂಡರು. ಇದನ್ನೆಲ್ಲ ನಾನು ಮಾರುಕಟ್ಟೆಯ ದಾರಿಯಲ್ಲಿ ಅಮ್ಮನಿಗೆ ಹೇಳುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಮೀನಿನ ಸಾಲಿನ ಮುಂದೆ ನಿಂತುಬಿಟ್ಟಿದ್ದಳು.

"ಬಂಗುಡೆ!" ಎಂದಳು.

ಅಲ್ಲಿ ಅದರ ಹೆಸರು ಕೆಂಬುಂಗ್. ಆಂಟಿ ಒಂದನ್ನು ಎತ್ತಿ, ತಾಜಾ ಮೀನನ್ನು ಗುರುತಿಸುವುದು ಹೇಗೆ ಎಂದು ನಮ್ಮ ಗುಂಪಿಗೆ ಹೇಳಿಕೊಡಲು ಶುರು ಮಾಡಿದರು. ಗುಂಪಿನಲ್ಲಿದ್ದದ್ದು ನಾವಿಬ್ಬರು, ಆಸ್ಟ್ರೇಲಿಯಾದ ವಯಸ್ಸಾದ ಗಂಡ ಹೆಂಡತಿ, ಕೊರಿಯಾದ ಒಬ್ಬಳು ಹುಡುಗಿ. ಆಂಟಿಯ ಮಾತು ಮುಗಿಯುವ ಮೊದಲೇ ಅಮ್ಮ ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ, ಎರಡನ್ನು ಬದಿಗೆ ಸರಿಸಿ ಮೂರನ್ನು ಆರಿಸಿಯಾಗಿತ್ತು. ಆಂಟಿ ಅಮ್ಮ ಸರಿಸಿದ ಎರಡನ್ನು ಒಮ್ಮೆ ನೋಡಿದರು, ಅಮ್ಮನನ್ನು ಒಮ್ಮೆ ನೋಡಿದರು. ಉಳಿದ ಮೀನನ್ನೂ ಆರಿಸುವಂತೆ ಕೈಸನ್ನೆ ಮಾಡಿದರು.

ಮನೆಗೆ ಬಂದ ಮೇಲೆ ಹಿತ್ತಲ ಪಡಸಾಲೆಯಲ್ಲಿ ಚಹಾ ಕೊಟ್ಟು, ಒಬ್ಬೊಬ್ಬರೂ ತಮ್ಮ ಬಗ್ಗೆ ಹೇಳಿಕೊಳ್ಳಿ ಎಂದರು. ನನ್ನ ಸರದಿ ಬಂದಾಗ ನನ್ನ ಸಂಶೋಧನೆಯನ್ನು ಸ್ವಲ್ಪ ಉದ್ದವಾಗಿಯೇ ಹೇಳಿಕೊಂಡೆ. "ಮತ್ತೆ ಅಮ್ಮ?" ಎಂದರು ಆಂಟಿ. "ಹೋಂಮೇಕರ್" ಎಂದೆ. ಯೋಚಿಸಿ ಹೇಳಿದ್ದಲ್ಲ. ಹತ್ತು ವರ್ಷಗಳಿಂದ ಎಲ್ಲ ಅರ್ಜಿಗಳಲ್ಲೂ 'ತಾಯಿಯ ಉದ್ಯೋಗ' ಎಂಬ ಗೆರೆಯ ಮುಂದೆ ನನ್ನ ಪೆನ್ನು ತಾನಾಗಿ 'ಗೃಹಿಣಿ' ಎಂದು ಬರೆಯುತ್ತದೆ. ನಾಲಿಗೆಗೂ ಅದೇ ಅಭ್ಯಾಸ.

"ಎಂಥ ಹೇಳ್ದೆ?" ಅಮ್ಮ ಕೇಳಿದಳು.

"ಮನೇಲಿರ್ತಾಳೆ ಅಂತ."

ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಏನೋ ಬಿಟ್ಟುಹೋಗಿದೆ, ಮರೆತಿರಬೇಕು ಎಂಬಂತೆ ನೆನಪಿಸಿದಳು: "ಬಿಸಿಯೂಟದ್ದು ಹೇಳ್ಲಿಲ್ವಾ?"

ಬಿಸಿಯೂಟ ನಮ್ಮೂರ ಶಾಲೆಗೆ ಬಂದದ್ದು 2003ರಲ್ಲಿ, ನಾನು ಎರಡನೆಯ ತರಗತಿಯಲ್ಲಿದ್ದಾಗ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ಅಡುಗೆಗೆ ಸೇರಿದಳು. ಮುಂದೆ ಮುಖ್ಯ ಅಡುಗೆಯವಳಾದಳು, ಜೊತೆಗೆ ಇಬ್ಬರು ಸಹಾಯಕಿಯರು. ಆಗ ನಮ್ಮ ಶಾಲೆಯಲ್ಲಿ 140 ಮಕ್ಕಳು. ಬೆಳಗ್ಗೆ ಎಂಟೂವರೆಗೆ ಹೋದರೆ ಪಾತ್ರೆ ಬೋರಲು ಹಾಕಿ ಬರುವಾಗ ಮೂರು. ಇಪ್ಪತ್ತು ವರ್ಷ. 60 ತುಂಬಿತೆಂದು ಕಳಿಸಿಕೊಟ್ಟಾಗ ಅವಳಿಗೆ ಬರುತ್ತಿದ್ದದ್ದು ತಿಂಗಳಿಗೆ 3,700 ರೂಪಾಯಿ. ಅದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಕಡೆಯ ದಿನ ಒಂದು ಶಾಲು, ಒಂದು ತಟ್ಟೆ ಹಣ್ಣು.

ಇದನ್ನು ನಾನು ಯಾಕೆ ಮುಚ್ಚಿಡಲು ಶುರುಮಾಡಿದೆ ಎಂದರೆ ದೊಡ್ಡ ಕಾರಣವೇನಿಲ್ಲ. ಪೇಟೆಯ ಹೈಸ್ಕೂಲಿಗೆ ಸೇರಿದ ಮೊದಲ ವಾರ ಒಬ್ಬಳು ಇನ್ನೊಬ್ಬಳಿಗೆ ನನ್ನನ್ನು ತೋರಿಸಿ "ಬಿಸಿಯೂಟದವಳ ಮಗಳು" ಎಂದಳು. ಅಷ್ಟೇ. ಅದರಲ್ಲಿ ಬೈಗುಳವೂ ಇರಲಿಲ್ಲ, ಬರೀ ಗುರುತು. ಆದರೆ ಆಮೇಲೆ ಯಾರು ಕೇಳಿದರೂ ಅಮ್ಮ ಮನೆಯಲ್ಲಿರುತ್ತಾಳೆ ಎಂದೆ. ಕಾಲೇಜಿನಲ್ಲಿ ಅಂದೆ, ವಿಶ್ವವಿದ್ಯಾಲಯದಲ್ಲಿ ಅಂದೆ. ಅಡುಗೆಯ ಬಗ್ಗೆ ಪ್ರಬಂಧ ಬರೆಯಲು ಹೊರಟು, ಹೆಂಗಸರ ಅಡುಗೆಯ ಅರಿವಿನ ಬಗ್ಗೆ ವಿಚಾರ ಸಂಕಿರಣಗಳಲ್ಲಿ ಮಾತಾಡಿ, ಚಪ್ಪಾಳೆ ತಟ್ಟಿಸಿಕೊಂಡು ಬಂದು, ಆಗಲೂ ಅಂದೆ. ಅಮ್ಮನಿಗೆ ಇದು ಗೊತ್ತಿರಲಿಲ್ಲ. ಅವಳೆದುರು ಹೇಳುವ ಪ್ರಸಂಗ ಬಂದದ್ದೇ ಅವತ್ತು ಮೊದಲು, ಅದೂ ಪೆನಾಂಗಿನಲ್ಲಿ.

ನಾನು ತಿದ್ದಿ ಹೇಳಿದೆ. ಇವಳು ಇಪ್ಪತ್ತು ವರ್ಷ ಒಂದು ಸರ್ಕಾರಿ ಶಾಲೆಯಲ್ಲಿ ದಿನಾ 140 ಮಕ್ಕಳಿಗೆ ಊಟ ಬೇಯಿಸಿದ್ದಾಳೆ. ಆಸ್ಟ್ರೇಲಿಯಾದ ಅಜ್ಜ ಚಹಾದ ಕಪ್ಪು ಕೆಳಗಿಟ್ಟು, "ಪ್ರತಿ ದಿನ?" ಎಂದರು. ಅಮ್ಮನಿಗೆ ಹೇಳಿದೆ. "ಭಾನುವಾರ ಇಲ್ಲ" ಎಂದಳು, ಗಂಭೀರವಾಗಿ. ಎಲ್ಲರೂ ನಕ್ಕರು. ಅವಳಿಗೆ ಯಾಕೆ ನಕ್ಕರು ಎಂದು ತಿಳಿಯಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು.

ಆಮೇಲೆ ಅಡುಗೆ ಶುರುವಾಯಿತು. ಒಣಮೆಣಸು, ಸಣ್ಣ ಈರುಳ್ಳಿ, ಅರಿಶಿನದ ಹಸಿಕೊಂಬು, ನಿಂಬೆಹುಲ್ಲು, ಇವನ್ನೆಲ್ಲ ಕಲ್ಲಿನ ಕುಟ್ಟಾಣಿಯಲ್ಲಿ ಜಜ್ಜಿ ನುಣ್ಣಗೆ ಮಾಡಬೇಕು. ಜೊತೆಗೆ ಬೆಲಾಚಾನ್ ಎಂಬ, ಸಿಗಡಿಯನ್ನು ಹುದುಗಿಸಿ ಒಣಗಿಸಿ ಮಾಡಿದ ಕಂದು ಬಿಲ್ಲೆ. ಅದನ್ನು ಸುಟ್ಟಾಗ ಎದ್ದ ವಾಸನೆಗೆ ಕೊರಿಯಾದ ಹುಡುಗಿ ಬಿಟ್ಟರೆ ಉಳಿದ ವಿದ್ಯಾರ್ಥಿಗಳೆಲ್ಲ ಹಿಂದೆ ಸರಿದರು. ಅಮ್ಮ ಮುಂದೆ ಬಂದಳು. "ಒಣ ಶೆಟ್ಲಿ" ಎಂದಳು, ಗುರುತು ಸಿಕ್ಕವಳಂತೆ. ಕುಟ್ಟಾಣಿಯ ಸರದಿ ಬಂದಾಗ ಆಸ್ಟ್ರೇಲಿಯಾದವರು ಎರಡು ನಿಮಿಷ, ನಾನು ಮೂರು ನಿಮಿಷ. ಮೆಣಸಿನ ಚೂರು ಹಾರಿ ಕಣ್ಣಿಗೆ ಬಿದ್ದು ನಾನು ನೀರಿಗೆ ಓಡಿದೆ. ವಾಪಸು ಬರುವಾಗ ಅಮ್ಮ ಕೆಳಗೆ ಕೂತು, ಎಡಗೈಯನ್ನು ಕಲ್ಲಿನ ಬಾಯಿಗೆ ಅಡ್ಡ ಹಿಡಿದು, ಬಲಗೈಯಲ್ಲಿ ಕುಟ್ಟುತ್ತಿದ್ದಳು. ಒಂದು ಚೂರೂ ಹೊರಗೆ ಬೀಳುತ್ತಿರಲಿಲ್ಲ. ಆಂಟಿ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು ಸುಮ್ಮನೆ ನೋಡುತ್ತಿದ್ದರು. ಕಲಿಸುವುದನ್ನು ನಿಲ್ಲಿಸಿಬಿಟ್ಟಿದ್ದರು.

ಬೇಯಿಸಿದ ಬಂಗುಡೆಯ ಮುಳ್ಳು ತೆಗೆದು, ನೀರು ಸೋಸಿ, ಅದಕ್ಕೆ ಈ ಮಸಾಲೆ, ಹುಣಸೆರಸ, ಶುಂಠಿ ಜಾತಿಯ ಒಂದು ಗುಲಾಬಿ ಮೊಗ್ಗು, ಖಾರದ ವಾಸನೆಯ ಒಂದು ಸೊಪ್ಪು. ಕಡೆಗೆ ಆಂಟಿ ಒಂದು ಡಬ್ಬಿಯಿಂದ ಒಣಗಿದ ಹೋಳುಗಳನ್ನು ತೆಗೆದರು. ಆಸಾಮ್ ಕೆಪಿಂಗ್ ಎಂದರು. ಹುಣಸೆ ಹಾಕಿದ ಮೇಲೂ ಈ ಎರಡನೆಯ ಹುಳಿ ಬೇಕಂತೆ. ಅಮ್ಮ ಒಂದು ಹೋಳು ಮೂಸಿದಳು, ಹಲ್ಲಿನ ತುದಿಯಲ್ಲಿ ಕಚ್ಚಿದಳು.

"ತಂಗೀ, ಇದು ಉಪ್ಪಾಗೆ. ಹೊಗೆ ತಾಗ್ಲಿಲ್ಲ, ಅಷ್ಟೇ."

ನಾನು ಆಮೇಲೆ ಫೋನಿನಲ್ಲಿ ಹುಡುಕಿ ನೋಡಿದೆ. ಹೆಚ್ಚುಕಡಿಮೆ ಸರಿ. ನಮ್ಮ ಉಪ್ಪಾಗೆಯೂ ಅವರ ಕೆಪಿಂಗೂ ಗಾರ್ಸೀನಿಯಾ ಎಂಬ ಒಂದೇ ಕುಲದ ಬೇರೆ ಬೇರೆ ಮರಗಳು, ನಮ್ಮ ಮುರುಗಲೂ ಅದೇ ಕುಲದ್ದು. ನಮ್ಮಲ್ಲಿ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಾರೆ, ಹೊಗೆಗೆ ಕಪ್ಪಾಗುತ್ತದೆ. ಇವರದು ಬಿಸಿಲಲ್ಲಿ ಒಣಗಿ ಕಂದಾಗಿಯೇ ಉಳಿದಿದೆ. ಐದು ವರ್ಷ ಗ್ರಂಥಾಲಯದಲ್ಲಿ ಕೂತ ನನಗೆ ಸಸ್ಯಶಾಸ್ತ್ರದ ಹೆಸರು ಬೇಕಾಯಿತು. ಅವಳಿಗೆ ಒಂದು ಹಲ್ಲು ಸಾಕಾಯಿತು. ಇದು ನನ್ನ ಅಧ್ಯಾಯಕ್ಕೆ ಬಹಳ ಅನುಕೂಲವಾದ ಉದಾಹರಣೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಎಷ್ಟು ಹೋಳು ಹಾಕಬೇಕು ಎಂದು ಕೊರಿಯಾದ ಹುಡುಗಿ ಕೇಳಿದಳು. ಆಂಟಿ ಕೈ ಆಡಿಸಿ, "ಆಗಕ್-ಆಗಕ್" ಎಂದರು. ಅಮ್ಮ ನನ್ನ ಕಡೆ ತಿರುಗಿ, "ಆಗಾಗ ಹಾಕ್ಬೇಕಾ?" ಎಂದಳು. ಅಲ್ಲ, ಹಾಗೆಂದರೆ ಅಂದಾಜು. ನ್ಯೋನ್ಯಾ ಅಡುಗೆಯವರ ಬಾಯಲ್ಲಿ ಸದಾ ಬರುವ ಮಾತದು. ನಮ್ಮ ಅಜ್ಜಿಯಂದಿರು ಯಾರೂ ತೂಗಲಿಲ್ಲ, ಅಳೆಯಲಿಲ್ಲ, ನೋಡಿದರು, ಮೂಸಿದರು, ಹಾಕಿದರು ಎಂದು ಆಂಟಿ ಹೆಮ್ಮೆಯಿಂದ ಹೇಳಿದರು. ನಾನು ಬರೆಯುತ್ತಲೇ ಇದ್ದೆ. ಇದಕ್ಕಾಗಿಯೇ ಅಲ್ಲವೆ ಬಂದದ್ದು. ಪೂರ್ತಿ ಅಮ್ಮನಿಗೆ ಅನುವಾದಿಸಿ, ಅವಳಿಂದಲೂ ಇಂಥದೇ ಒಂದು ಮಾತು ಹೊರಡುತ್ತದೆಂದು ಪೆನ್ನು ಹಿಡಿದು ಕಾದೆ.

ಅಮ್ಮ ಸಾರು ಕದಡುತ್ತಿದ್ದಳು. "ಮನೇಲಿ ಐದಾರು ಮಂದಿಗೆ ಅಂದಾಜು ಸಾಕು" ಎಂದಳು. "ಕಡಿಮೆ ಬಿದ್ರೆ ಬೇಯ್ಸಿದವಳು ಉಣ್ಣೂದಿಲ್ಲ, ಮುಗೀತು. ಅಂದಾಜು ಸರಿಯೇ ಆಗ್ತದೆ. ನೂರಾ ನಲವತ್ತಕ್ಕೆ ಹಾಂಗೆ ಮಾಡೂಕಾಗ್ತದಾ? ಕಡೆಗೆ ನಿಂತ ಮಗು ಉಪವಾಸ ಹೋಗ್ತದೆ."

ನನ್ನ ಪೆನ್ನು ಅಲ್ಲೇ ನಿಂತಿತು.

ಬಿಸಿಯೂಟಕ್ಕೆ ಲೆಕ್ಕವಿದೆ. ಐದನೆಯ ತರಗತಿಯವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟರವರೆಗೆ ಅಕ್ಕಿ 150, ಬೇಳೆ 30. ಬೆಳಗ್ಗೆ ಹಾಜರಿ ಎಣಿಸಿ, ಅಷ್ಟಕ್ಕೆ ತೂಗಿ, ರಿಜಿಸ್ಟರಿನಲ್ಲಿ ಬರೆಸಿ, ಆಮೇಲೆ ಒಲೆ. ಮಕ್ಕಳಿಗಿಂತ ಮೊದಲು ಮೇಷ್ಟ್ರೊಬ್ಬರು ರುಚಿ ನೋಡಬೇಕು. ಅಮ್ಮ ಓದಿದ್ದು ಏಳನೆಯ ತರಗತಿ. ಈ ಗುಣಾಕಾರವನ್ನು ಅವಳು ಬಾಯಲ್ಲೇ ಮಾಡುತ್ತಿದ್ದಳು. ರಾತ್ರಿ ನಾನು ಮಗ್ಗಿ ಒಪ್ಪಿಸುವಾಗ ಪಾತ್ರೆ ತಿಕ್ಕುತ್ತ ತಪ್ಪು ತಿದ್ದುತ್ತಿದ್ದವಳು ಅವಳೇ. ಅಳತೆಯಿಲ್ಲದ ಅರಿವಂತೆ! ನಾನು ಹುಟ್ಟಿ ಬೆಳೆದ ಮನೆಯಲ್ಲಿದ್ದದ್ದು ಗ್ರಾಂ ಲೆಕ್ಕದ ಅಡುಗೆ.

ಇನ್ನೊಂದು ವಿಷಯ. ಊಟದ ಸಾಲಿನಲ್ಲಿ ನನ್ನನ್ನು ಅಮ್ಮ ಯಾವಾಗಲೂ ಕೊನೆಗೆ ನಿಲ್ಲಿಸುತ್ತಿದ್ದಳು. ಮಗಳಿಗೆ ಮೊದಲು ಬಡಿಸಿದಳು, ಮಗಳಿಗೆ ಗಟ್ಟಿ ಬೇಳೆ ಹಾಕಿದಳು ಎಂದು ಯಾರೂ ಅನ್ನಬಾರದೆಂದು. ಏಳು ತರಗತಿ ಮುಗಿಯುವವರೆಗೂ 140 ಮಕ್ಕಳಲ್ಲಿ 140ನೆಯವಳು ನಾನು. ಒಂದು ದಿನವೂ ನನಗೆ ಕಡಿಮೆ ಬಿದ್ದದ್ದು ನೆನಪಿಲ್ಲ.

ಅಮ್ಮ ಹೇಳಿದ್ದನ್ನು ಆಂಟಿಗೆ ಅನುವಾದಿಸಿದೆ. ಮೊದಲು ನಕ್ಕರು. ಆಮೇಲೆ ಸೌಟಿನಿಂದ ಸಾರಿನ ಮೇಲಿನ ನೊರೆ ತೆಗೆಯುತ್ತ, ತನ್ನ ತಾಯಿ ಯಾವತ್ತೂ ಮೇಜಿಗೆ ಬಂದು ಕೂತವಳಲ್ಲ, ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಳ ಹಿಡಿದ ಅನ್ನ ಕೆರೆದುಕೊಂಡು ತಿನ್ನುತ್ತಿದ್ದಳು ಎಂದರು. "ಅವಳಿಗೆ ಅದೇ ಇಷ್ಟ ಎಂದು ನಾವು ಮಕ್ಕಳು ತಿಳಿದಿದ್ದೆವು." ಇಷ್ಟು ಹೇಳಿ, ಶ್ಯಾವಿಗೆ ಬಸಿಯಲು ಎದ್ದುಹೋದರು. ಅವರ ಈ ಮಾತನ್ನು ನಾನು ಅಮ್ಮನಿಗೆ ಹೇಳಲು ಹೋದೆ. "ಗೊತ್ತಾಯ್ತು" ಎಂದಳು. ಹೇಗೆ ಗೊತ್ತಾಯಿತೋ.

ಆ ಅಧ್ಯಾಯ ಇನ್ನೂ ಹಾಗೆಯೇ ಇದೆ. ಅಂಚಿನ 'ಚೆನ್ನಾಗಿದೆ'ಯೂ ಇದೆ. ನಾಲ್ಕು ತಿಂಗಳಿಂದ ಅದರ ಫೈಲು ತೆರೆಯುತ್ತೇನೆ, ಮುಚ್ಚುತ್ತೇನೆ. ಕೈಯಂದಾಜು ಸುಳ್ಳು ಎಂದು ಬರೆಯಲು ಬರುವುದಿಲ್ಲ, ಉಪ್ಪಾಗೆಯನ್ನು ಹಲ್ಲಿನಲ್ಲಿ ಗುರುತಿಸಿದವಳು ನನ್ನ ಕಣ್ಣೆದುರಿಗೇ ಇದ್ದಳು. ಆದರೆ ಅಂದಾಜು ತಪ್ಪಿದಾಗಲೆಲ್ಲ ಆ ಕೊರತೆ ಯಾರ ಹೊಟ್ಟೆಗೆ ಹೋಯಿತು ಎಂದು ಕೇಳದೆ ಅದನ್ನು ಹಾಡಿ ಹೊಗಳಿದ ನಲವತ್ತು ಪುಟಗಳನ್ನು ಏನು ಮಾಡಲಿ? ಮಂಗರಸನ ಅಡುಗೆಮನೆಯಲ್ಲೂ ಒಬ್ಬರು ಅಕ್ಕಿ ಅಳೆದು ಹಾಕಿರಬೇಕಲ್ಲ, ಅರಮನೆಯಲ್ಲಿ ಉಣ್ಣುವವರು ಐದಾರು ಮಂದಿ ಇರಲಿಕ್ಕಿಲ್ಲವಲ್ಲ. ಅವರ ಬಗ್ಗೆ ನಾನು ಒಂದು ಸಾಲೂ ಬರೆದಿಲ್ಲ.

ಲಾಕ್ಸಾ ಚೆನ್ನಾಗಿತ್ತು. ದಪ್ಪ ಅಕ್ಕಿ ಶ್ಯಾವಿಗೆಯ ಮೇಲೆ ಮೀನಿನ ಹುಳಿಸಾರು, ಮೇಲೆ ಸೌತೆ, ಅನಾನಸು, ಪುದೀನ. ಕಡೆಗೆ ಒಂದು ಚಮಚ ಹೇ ಕೋ, ಕಾಕಂಬಿಯ ಹಾಗೆ ಕಪ್ಪಗೆ ಸಿಹಿಯಾದ ಸಿಗಡಿಯ ಪಾಕ. ಅದು ಅಮ್ಮನಿಗೆ ಸೇರಲಿಲ್ಲ, ಬಟ್ಟಲಿನ ಅಂಚಿಗೆ ಸರಿಸಿ ಉಂಡಳು. ಹೊರಡುವಾಗ ಆಂಟಿ ಎಲ್ಲರಿಗೂ ಪಾಕವಿಧಾನ ಅಚ್ಚು ಮಾಡಿಸಿದ ಒಂದೊಂದು ಹಾಳೆ ಕೊಟ್ಟರು. ಅಂದಾಜು ಎಂದವರ ಹಾಳೆಯಲ್ಲಿ ಎಲ್ಲವೂ ಗ್ರಾಂ ಲೆಕ್ಕದಲ್ಲಿ. ಪ್ರವಾಸಿಗಳು ಕೇಳುತ್ತಾರೆ, ಏನು ಮಾಡಲಿ ಎಂದರು. ಅಮ್ಮನ ಕೈಗೆ ಆಸಾಮ್ ಕೆಪಿಂಗಿನ ಒಂದು ಪೊಟ್ಟಣ ಇಟ್ಟರು. ಅಮ್ಮ ತನ್ನ ಚೀಲದಲ್ಲಿ ಕೊಡಲು ಏನಾದರೂ ಇದೆಯೇ ಎಂದು ತಡಕಾಡಿದಳು. ವಿಮಾನದಲ್ಲಿ ಬಾಯಿಗೆ ಹಾಕಿಕೊಳ್ಳಲೆಂದು ತಂದಿದ್ದ ಕವಳದ ಸಂಚಿ ಬಿಟ್ಟರೆ ಏನೂ ಇರಲಿಲ್ಲ. ಅದರಿಂದಲೇ ಒಂದು ಅಡಿಕೆ ಆರಿಸಿ ಕೊಟ್ಟಳು. ಆಂಟಿ ಅದನ್ನು ಹಿಡಿದು ನೋಡಿ, ಪಿನಾಂಗ್ ಎಂದು ಜೋರಾಗಿ ನಕ್ಕರು. ಮಲಯದಲ್ಲಿ ಪಿನಾಂಗ್ ಎಂದರೆ ಅಡಿಕೆ, ಆ ದ್ವೀಪಕ್ಕೆ ಹೆಸರು ಬಂದದ್ದೇ ಅದರಿಂದ.

ಹಡಗು ತಪ್ಪಲಿಲ್ಲ. ಒಂದು ಗಂಟೆ ಮೊದಲೇ ತಲುಪಿದೆವು. ಅಣ್ಣ ಮೆಟ್ಟಿಲ ಬಳಿ ನಿಂತುಕೊಂಡು ಫೋನು ಮಾಡುತ್ತಲೇ ಇದ್ದ.

ನಮ್ಮ ಕ್ಯಾಬಿನ್ನಿಗೆ ಕಿಟಕಿ ಇರಲಿಲ್ಲ, ಕಿಟಕಿ ಇದ್ದದ್ದಕ್ಕೆ ಹೆಚ್ಚು ದುಡ್ಡು. ದೀಪ ಆರಿಸಿದರೆ ಪೂರ್ತಿ ಕತ್ತಲೆ, ಎಲ್ಲೋ ಕೆಳಗೆ ಇಂಜಿನ್ನಿನ ಸದ್ದು. ರಾತ್ರಿ ಬಹಳ ಹೊತ್ತಾದ ಮೇಲೆ ಅಮ್ಮ ಕೇಳಿದಳು.

"ಕ್ಲಾಸಿಗೆ ಎಷ್ಟು ಕೊಟ್ಟೆ?"

ಅವಳಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಒಬ್ಬರಿಗೆ 200 ರಿಂಗಿಟ್ ಎಂದೆ. ನಮ್ಮ ರೂಪಾಯಿಯಲ್ಲಿ 3,800ರ ಹತ್ತಿರ.

"ನನ್ನ ಒಂದು ತಿಂಗಳು" ಎಂದಳು. ಬೇಸರದಿಂದೇನೂ ಅಲ್ಲ, ಲೆಕ್ಕ ಹೇಳುವ ದನಿಯಲ್ಲಿ. ಸ್ವಲ್ಪ ಹೊತ್ತು ಬಿಟ್ಟು, "ಆ ಹಾಳೆ ಓದು" ಎಂದಳು.

ಫೋನಿನ ಬೆಳಕಿನಲ್ಲಿ ಓದಿದೆ. ನಾಲ್ಕು ಜನರಿಗೆ. ಶ್ಯಾವಿಗೆ 400 ಗ್ರಾಂ.

"ತಲೆಗೆ ನೂರು. ಅಕ್ಕಿ ಲೆಕ್ಕವೇ. ಹದಿನಾಲ್ಕು ಕೇಜಿ."

ಹುಣಸೆಹಣ್ಣು 40 ಗ್ರಾಂ.

"ಒಂದೂವರೆ ಕೇಜಿಗೆ ನೂರು ಗ್ರಾಂ ಕಡಿಮೆ."

ಮೀನು 600 ಗ್ರಾಂ.

"ಮೀನು ಶಾಲೇಲಿ ಆಗೂದಿಲ್ಲ. ಅಲಸಂದೆ ಕಾಳು ಹಾಕ್ಬಹುದು, ಹಿಂದಿನ ದಿನ ನೆನೆಸಿ."

"ಅಮಾ, ಆ ಶಾಲೇಲಿ ಈಗ ಮೂವತ್ತೆಂಟೇ ಮಕ್ಕಳು."

"ಗೊತ್ತು" ಎಂದಳು. "ನಾ ಹಾಕ್ತಿದ್ದದ್ದು ನೀವಿದ್ದಾಗಿನ ಲೆಕ್ಕ." ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು. "ಬೆಲ್ಲ ಎಷ್ಟಂತೆ?"

"ಬೆಲ್ಲ ಅಲ್ಲ, ಸಕ್ಕರೆ. ಒಂದು ಚಮಚ."

"ಮೂವತ್ತೈದು ಚಮಚ. ಬರ್ಕೊ."

ಬರೆದುಕೊಂಡೆ.